ಲಾಭ, ಎರಡು, ಮೂರು

ಅಮಾವಾಸ್ಯೆಯೆಂದು ಮಾನ್ವಿಯ ಧಾನ್ಯದ ಪೇಟೆ, ಗಂಜ್, ಬಂದ್ ಆಗಿತ್ತು. ಅಲ್ಲಿ ಭತ್ತ ತೂಗುವ ಉರುಕುಂದಪ್ಪ ಮನೆಯಲ್ಲೇ ಇದ್ದ. ಗಂಡಸು ಹಗಲು ಹೊತ್ತು ಮನೆಯಲ್ಲಿದ್ದರೆ ಇದ್ದ ಎರಡು ಖೋಲಿಯೂ ಒಂದಾಗಿಬಿಡುತ್ತವೆಂದು ಅವನ ಹೆಂಡತಿ ಹುಲಗೆಮ್ಮನಿಗೆ ಮೊದಲಿನಿಂದಲೂ ಅನಿಸುತ್ತಿತ್ತು. ಇವತ್ತು ಅದು ಸಾಲದೆಂಬಂತೆ ಆ ಮಷೀನು ಬೇರೆ. ಒಳಖೋಲಿಯ ಟ್ರಂಕಿನ ಮೇಲೆ, ಹಳೆಯ ಧೋತರದ ತುಂಡು ಹೊದ್ದು ಅದು ಕೂತಿತ್ತು. ಅವಳು ಹೊಸ್ತಿಲ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಹದಿನಾಲ್ಕು ಹರಳು ಸಿಕ್ಕಿವೆ ಎಂದು ಮನಸ್ಸು ಹೇಳಿದಾಗಲೇ ತಾನು ಎಣಿಸುತ್ತಿದ್ದೇನೆಂದು ಅವಳಿಗೆ ಗೊತ್ತಾದದ್ದು. ಈಚೆಗೆ ಹೀಗೇ. ರೊಟ್ಟಿ ಎಣಿಸುತ್ತಾಳೆ, ಬಾವಿಯಿಂದ ಮನೆಗೆ ಬರುವ ಹೆಜ್ಜೆ ಎಣಿಸುತ್ತಾಳೆ, ಎದುರು ಕೂತು ಮಾತಾಡುವವರ ಕೈಬಳೆ ಎಣಿಸುತ್ತಾ ಕೂತು ಅವರು ಆಡಿದ್ದನ್ನೇ ಕೇಳಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ದೇವದುರ್ಗದ ಬಸ್ಸಿನ ಕಂಡಕ್ಟರು ಅಳಿಯ ಕನಕಪ್ಪನ ಮಾತು ಮುಟ್ಟಿಸಿ ಹೋಗಿದ್ದ: ಮಗಳು ಬೂದೆಮ್ಮನಿಗೆ ದಿನ ತುಂಬಿವೆ, ಅವ್ವ ಒಂದು ಹತ್ತು ದಿನ ಬಂದಿರಬೇಕು. ಹತ್ತು ದಿನ ಎಂದರೆ ಹತ್ತು ರಾತ್ರಿ. ಕಂಡಕ್ಟರನಿಗೆ ಅದೇನು ಗೊತ್ತು? ಹೂಂ ಅಂತೀರೋ ಉಹೂಂ ಅಂತೀರೋ ಎಂದು ಅವನು ಕೇಳಿದಾಗ ಅವಳು ನಗುನಗುತ್ತಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ನೋಡೋಣಪ್ಪಾ, ದೇವರದಾನ" ಅಂದಳು.

ಗಂಡನ ರೋಗವನ್ನು ಜನರಿಗೆ ಹೇಳಿ ತಿಳಿಸುವುದೇ ನಾಲ್ಕು ವರ್ಷದಿಂದ ಅವಳಿಗೆ ದೊಡ್ಡ ಅವಮಾನವಾಗಿತ್ತು. ಗೊರಕೆಯೆಂದರೆ ಜನಕ್ಕೆ ಅರ್ಥವಾಗುತ್ತದೆ, ನಕ್ಕು ಮದ್ದು ಹೇಳುತ್ತಾರೆ. ಉರುಕುಂದಪ್ಪ ಗೊರಕೆ ಹೊಡೆಯುವವನಲ್ಲ. ಅವನು ಸುಮ್ಮನಾಗುವವನು. ನಿದ್ದೆ ಹತ್ತಿ ಅರ್ಧ ತಾಸಿಗೆ ಅವನ ಉಸಿರು ಸಣ್ಣಗಾಗುತ್ತಾ ಆಗುತ್ತಾ ನಿಂತೇ ಹೋಗುತ್ತಿತ್ತು. ಎದೆ ಏಳುವುದಿಲ್ಲ, ಹೊಟ್ಟೆ ಅಲುಗುವುದಿಲ್ಲ, ಒದ್ದಾಟವಿಲ್ಲ, ಏನೂ ಇಲ್ಲ. ಗಂಡ ರಾತ್ರಿ ಬಹಳ ಸುಮ್ಮನಿರುತ್ತಾನೆ ಎಂದು ದೂರುವ ಹೆಂಗಸನ್ನು ಯಾರಾದರೂ ಏನೆಂದುಕೊಂಡಾರು? ನೆರೆಮನೆಯ ಬಡೇಬೀ ಒಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಸೆರಗು ಬಾಯಿಗಿಟ್ಟು ನಕ್ಕವರೇ. ಕೊನೆಗೆ ರಾಯಚೂರಿನ ಎದೆ ಡಾಕ್ಟರರು ಅವನನ್ನು ಹೈದರಾಬಾದಿಗೆ ಕಳಿಸಿ, ತಲೆಗೆ ತಂತಿ ಅಂಟಿಸಿ ಮಲಗಿಸಿ ನೋಡಿಸಿದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು. ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. "ಗಂಟಲು ಸಾಫ್ ಅದಮ್ಮ, ಎದಿನೂ ಸಾಫ್ ಅದ. ಉಸಿರು ತೊಗೊ ಅಂತ ಹೇಳೋದನ್ನ ಮಿದುಳು ಮರೀತದ, ಅಷ್ಟ" ಎಂದಿದ್ದರು ಡಾಕ್ಟರು. ಅದಷ್ಟು ಮಾತ್ರ ಅವಳಿಗೆ ಚೆನ್ನಾಗಿ ತಿಳಿಯಿತು. ಯಾಕೆಂದರೆ ಅದು ಮರೆತದ್ದನ್ನು ನೆನಪು ಮಾಡಿಕೊಡುತ್ತಿದ್ದವಳು ಅವಳೇ.

ಎಣಿಸಲು ಕಲಿಸಿದವನೂ ಅವನೇ. ಮೊದಮೊದಲು ಅವಳು ಉಸಿರು ನಿಂತ ಕೂಡಲೇ ಹೆದರಿ ಅಲುಗಿಸಿಬಿಡುತ್ತಿದ್ದಳು, ಅವನಿಗೆ ನಿದ್ದೆಯೇ ಆಗುತ್ತಿರಲಿಲ್ಲ. "ಇಪ್ಪತ್ತರ ತನಕ ಎಣಿಸು. ತಾನಾಗೇ ಬಂದ್ರ ಬಂತು, ಇಲ್ಲಂದ್ರ ಭುಜ ತಟ್ಟು" ಎಂದು ಲೆಕ್ಕ ಹಾಕಿಕೊಟ್ಟ. ಅವಳು ಒಂದು, ಎರಡು ಎಂದು ಶುರುಮಾಡಿದ್ದಕ್ಕೆ ಕೆಂಡವಾಗಿದ್ದ. ಮೂವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ. ರಾಶಿ ತೂಗುವಾಗ ಮೊದಲನೆಯದಕ್ಕೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಹಾಗೆಂದರೆ ರಾಶಿ ಉಕ್ಕುತ್ತದೆ; ಲಾಭ ಎಂದು ಹಿಡಿದ ಎಣಿಕೆಯನ್ನು ರಾಶಿ ತೀರುವ ತನಕ ನಡುವೆ ಬಿಡುವಂತಿಲ್ಲ. ನೆನೆದು ಮುಗ್ಗಿ ಹೊರಗೆ ಬಿಸಾಡುವ ಚೀಲಗಳಿಗೆ ಮಾತ್ರ ಒಂದು, ಎರಡು. "ನನ್ನ ಉಸಿರೇನು ಮುಗ್ಗಿದ ಮಾಲೇನಲೇ?" ಎಂದು ಕೇಳಿದ್ದ. ತಮಾಷೆಗೆ ಕೇಳಿದ್ದರೂ ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಅಂದಿನಿಂದ ಕತ್ತಲಲ್ಲಿ ಅವಳ ತುಟಿ ಲಾಭ ಎಂದೇ ಆರಂಭಿಸುತ್ತಿತ್ತು. ಇಪ್ಪತ್ತಕ್ಕೆ ಕೈ ತಾನಾಗಿ ಹೋಗಿ ಅವನ ಎಡ ಭುಜ ತಟ್ಟುತ್ತಿತ್ತು, ಅವನು ನೀರಿನಿಂದ ಎದ್ದವನಂತೆ ಉದ್ದ ಉಸಿರೆಳೆದು ಮತ್ತೆ ನಿದ್ದೆ ಹೋಗುತ್ತಿದ್ದ. ಹಗಲು ಅವನು ಗಂಜಿನಲ್ಲಿದ್ದಾಗ ಅವಳು ಮುದ್ದೆಯಾಗಿ ಬಿದ್ದುಕೊಳ್ಳುತ್ತಿದ್ದಳು. ನಿದ್ದೆ ಅಂದರೆ ಏನೆಂಬುದೇ ಅವಳಿಗೆ ಮರೆತುಹೋಗಿತ್ತು. ಮದುವೆಗೋ ತೊಟ್ಟಿಲಿಗೋ ಹೋದಲ್ಲಿ ಕೂತಲ್ಲೇ ತೂಕಡಿಸಿ, ಎಚ್ಚರಾದಾಗ ಸುತ್ತಲಿನ ಹೆಂಗಸರು ತನ್ನನ್ನೇ ನೋಡುತ್ತಿರುವುದನ್ನು ಕಂಡು ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

"ಹುಲಗೆಮ್ಮಾ, ಇವತ್ತರ ತೋರಸ್ತೀಯೇನು ನಿಮ್ಮ ಮಷೀನ?" ಎನ್ನುತ್ತಲೇ ಬಡೇಬೀ ಬಂದಳು. ಬಳೆ ಮಾರುವ ಬುಟ್ಟಿಯನ್ನು ಇಳಿಸಿ, ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ ಧೋತರ ಎತ್ತಿದಳು. ಕಂದು ಬಣ್ಣದ ಡಬ್ಬಿ, ಉದ್ದ ಕೊಳವೆ, ತುದಿಗೆ ಮೂಗಿನಾಕಾರದ ರಬ್ಬರು, ಅದಕ್ಕೆ ಪಟ್ಟಿಗಳು. "ಯಾ ಅಲ್ಲಾ, ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಂಗ ಅದಲ್ಲಬೇ" ಎಂದು ನಕ್ಕಳು. ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಉರುಕುಂದಪ್ಪನಿಗೆ ಅದು ಕೇಳಿಸಿತೆಂದು ಹುಲಗೆಮ್ಮನಿಗೆ ಗೊತ್ತಾಯಿತು, ಅವನು ಕೆಮ್ಮಿದ. ಬಡೇಬೀ ಪಾಪದ ಹೆಂಗಸು, ಮರುಕ್ಷಣ ದನಿ ಇಳಿಸಿ, "ಇನ್ನ ನೀ ನಿದ್ದಿ ಮಾಡು ತಾಯಿ. ನಿನ್ನ ಕಣ್ಣು ನೋಡು, ಗುಂಡಿ ಬಿದ್ದಾವ" ಎಂದು ಅವಳ ಗಲ್ಲ ಹಿಡಿದಳು. ಆ ಮೃದು ಕೈ ಮುಟ್ಟಿದ್ದೇ ಹುಲಗೆಮ್ಮನಿಗೆ ಅಳು ಒತ್ತರಿಸಿಬಂತು. ತನಗೆ ಯಾರೂ ಕರುಣೆ ತೋರಿಸಬಾರದು, ನಿಜ ಗೊತ್ತಿಲ್ಲದವರಂತೂ ತೋರಿಸಲೇಬಾರದು ಅನಿಸಿತು. ಬಡೇಬೀಯ ಬುಟ್ಟಿಯ ಬಳೆ ಎಣಿಸತೊಡಗಿದಳು.

ಕಂಡವರು ನೋಡಿದರೆ ನಗುತ್ತಾರೆ ಎಂದೇ ರಾಯಚೂರಿನಿಂದ ಬರುವಾಗ ಅವಳು ಅದನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮಲ್ಲಟ ಊರಿನ ಮುದುಕಿ ಅದೇನವ್ವಾ ಎಂದು ಕೇಳಿದಾಗ ಹೊಲಿಗೆ ಮಷೀನು ಎಂದಿದ್ದಳು. ಮುದುಕಿ, ಛಲೋ ಆತು, ಕೈ ಸೋಲೂದು ತಪ್ಪತು ಎಂದಳು. ಉರುಕುಂದಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ್ದ. ಅವನಿಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ. ಡಾಕ್ಟರರ ಮುಂದೆ ಅವಳು ಅಷ್ಟು ಬೇಗ ಹೂಂ ಅಂದದ್ದಕ್ಕೆ. ಹೈದರಾಬಾದಿನ ದೊಡ್ಡ ದವಾಖಾನೆಯಿಂದ ಮೂರು ತಿಂಗಳ ಮಟ್ಟಿಗೆ ಎರಡು ನಮೂನೆಯ ಮಷೀನು ತರಿಸಿದ್ದರು, ನಿಮಗೆ ಯಾವುದು ಹೊಂದುತ್ತದೋ ನೋಡಿ ಒಯ್ಯಿರಿ ಎಂದಿದ್ದರು. ಒಂದು ಎದೆಗೆ ಕಟ್ಟುವ ಚಿಪ್ಪು, ಆಮೆಯ ಬೆನ್ನಿನಂಥದ್ದು; ಒಳಗಿನ ಗಾಳಿ ಎಳೆದು ಎದೆಯನ್ನು ಮೇಲೆತ್ತುತ್ತದೆ. ಅದನ್ನು ಹಾಕಿಸಿಕೊಂಡಾಗ ಉರುಕುಂದಪ್ಪನ ಮುಖ ಮದುಮಗನ ಮುಖದಂತೆ ಗಂಭೀರವಾಗಿತ್ತು, ಮೂಗು ಬಾಯಿ ಖಾಲಿ ಇದ್ದುದರಿಂದ ಅವನಿಗೆ ಅದೇ ಸೇರಿತ್ತು. ಆದರೆ ಬೆನ್ನ ಹಿಂದಿನ ಪಟ್ಟಿ ಬಿಗಿಯಲು, ಅಂಚಿನಲ್ಲಿ ಗಾಳಿ ಸೋರದಂತೆ ಬಟ್ಟೆ ತುರುಕಲು, ಮಗ್ಗುಲಾದರೆ ಸರಿಮಾಡಲು ಪ್ರತಿ ರಾತ್ರಿ ಇನ್ನೊಬ್ಬರು ಬೇಕು. ಇನ್ನೊಂದು ಈ ಮೂಗಿನದು. ಮಿದುಳು ಮರೆತರೆ ಹೊತ್ತಿಗೆ ಸರಿಯಾಗಿ ತಾನೇ ಉಸಿರು ತಳ್ಳುತ್ತದೆ. ಕರೆಂಟು ಹೋದರೆ ಪೀಂ ಎಂದು ಕೂಗಿ ಎಬ್ಬಿಸುತ್ತದೆ. "ಇದನ್ನ ಅವರ ಕೈಲೆ ಅವರ ಕಟ್ಟಿಕೋಬಹುದಮ್ಮ, ಯಾರೂ ಬೇಕಾಗಿಲ್ಲ" ಎಂದು ಡಾಕ್ಟರು ಹೇಳಿ ಮುಗಿಸುವ ಮೊದಲೇ ಅವಳು "ಇದ ಕೊಡ್ರಿ" ಅಂದುಬಿಟ್ಟಿದ್ದಳು. ತನ್ನ ದನಿಯಲ್ಲಿದ್ದ ಆತುರವನ್ನು ಈಗ ನೆನೆದರೂ ಅವಳ ಕಿವಿ ಬಿಸಿಯಾಗುತ್ತವೆ. ಸಂತೆಯಲ್ಲಿ ಅಗ್ಗದ ಮಾಲಿಗೆ ಕೈ ಚಾಚಿದಂತೆ ಕೇಳಿಸಿತ್ತು.

ತಂದು ಆರು ದಿನವಾಯಿತು. ಆರೂ ರಾತ್ರಿ ಕೂಡಿಸಿದರೂ ಅವನು ಅದನ್ನು ಹಾಕಿಕೊಂಡು ಒಂದು ತಾಸು ನಿದ್ದೆ ಮಾಡಿಲ್ಲ. ರಬ್ಬರು ಕಚ್ಚುತ್ತದೆ, ಮೂಗು ಒಣಗುತ್ತದೆ ಎಂಬುದೆಲ್ಲ ನೆವ. ನಿಜವಾದ ತೊಂದರೆಯನ್ನು ಅವನು ಮೂರನೆಯ ದಿನ ಬಾಯಿಬಿಟ್ಟು ಹೇಳಿದ: ಅದು ಉಸಿರು ಬಿಟ್ಟ ಕೂಡಲೇ ಅವನಿಗೆ ಲಾಭ ಅನಿಸುತ್ತದೆ. ಮುಂದಿನದಕ್ಕೆ ಎರಡು. ಒಮ್ಮೆ ಹಿಡಿದ ಎಣಿಕೆ ಬಿಡುವುದು ಅವನ ರಕ್ತದಲ್ಲಿಲ್ಲ. ಈ ರಾಶಿಗೋ ತೀರುವ ಗುಣವೇ ಇಲ್ಲ. ಆರು ನೂರು, ಏಳು ನೂರರ ತನಕ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಪಟ್ಟಿ ಕಿತ್ತು ಎಸೆಯುತ್ತಿದ್ದ. ಕೇಳಿದವರು ನಗಬೇಕಾದ ಮಾತು. ಹುಲಗೆಮ್ಮನಿಗೆ ನಗು ಬರಲಿಲ್ಲ, ಯಾಕೆಂದರೆ ಹೊರಖೋಲಿಯಲ್ಲಿ ಹಾಸಿಕೊಂಡ ಅವಳೂ ಎಣಿಸುತ್ತಲೇ ಇದ್ದಳು. ಗೋಡೆಯ ಆಚೆ ಅವನು, ಈಚೆ ಅವಳು, ನಡುವೆ ಅದು ಪುಸ್ ಎಂದು ಉಸಿರಾಡುತ್ತಿತ್ತು. ಕೊನೆಗೆ ಅವನೇ ಕೂಗುತ್ತಿದ್ದ, "ಹುಲಿಗೀ, ಬಾ ಇಲ್ಲಿ, ಇದನ್ನ ತೆಗಿ." ಅವಳು ಎದ್ದು ಹೋಗಿ ಪಕ್ಕದಲ್ಲಿ ಒರಗುತ್ತಿದ್ದಳು. ಐದು ನಿಮಿಷದಲ್ಲಿ ಅವನಿಗೆ ನಿದ್ದೆ. ನಂಬಿದವನ ನಿದ್ದೆ.

ಆ ನಂಬಿಕೆಯೇ ಅವಳನ್ನು ತಿನ್ನುತ್ತಿತ್ತು. ಹೋದ ಶ್ರಾವಣದಲ್ಲಿ ಬೂದೆಮ್ಮ ಜ್ವರದ ಕೂಸನ್ನು ಕಟ್ಟಿಕೊಂಡು ಬಂದು ನಾಲ್ಕು ದಿನ ಇದ್ದಳು. ಕೂಸಿಗೆ ಒದ್ದೆ ಬಟ್ಟೆ ಹಾಕುತ್ತಾ ಈ ಖೋಲಿ, ಗಂಡನ ಭುಜ ತಟ್ಟುತ್ತಾ ಆ ಖೋಲಿ. ಮೂರು ರಾತ್ರಿ ಹುಲಗೆಮ್ಮ ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ. ನಾಲ್ಕನೆಯ ರಾತ್ರಿ ಜ್ವರ ಬಿಟ್ಟು ಕೂಸಿನ ಮೈ ತಣ್ಣಗಾಯಿತು, ಬೂದೆಮ್ಮ ಮಲಗಿದಳು, ಅವಳು ಗಂಡನ ಪಕ್ಕ ಬಂದು ಕೂತಳು. ಅವನ ಉಸಿರು ನಿಂತಿತು. ಅವಳು ಎಣಿಸಿದಳು. ಇಪ್ಪತ್ತಾಯಿತು. ಕೈ ತೊಡೆಯ ಮೇಲೇ ಇತ್ತು. ಅದಕ್ಕೆ ಜೋಮು ಹಿಡಿದಿರಲಿಲ್ಲ, ಅವಳಿಗೆ ತೂಕಡಿಕೆ ಬಂದಿರಲಿಲ್ಲ. ನಿಚ್ಚಳ ಎಚ್ಚರದಲ್ಲಿ ಆ ಕೈಯನ್ನು ನೋಡುತ್ತಾ ಇಪ್ಪತ್ತೈದು ಅಂದಳು, ಮೂವತ್ತು ಅಂದಳು. ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಹೊರಗಿನ ಬೇವಿನ ಮರದ ಸಪ್ಪಳವೂ ಇಂಪಾಗಿತ್ತು. ನಲವತ್ತೊಂದಕ್ಕೆ ಅವನು ತಾನಾಗಿಯೇ ಗಕ್ಕೆಂದು ಉಸಿರೆಳೆದ. ಅವಳು ಎದ್ದುಹೋಗಿ ಹಿತ್ತಲಲ್ಲಿ ವಾಂತಿ ಮಾಡಿದಳು. ನಲವತ್ತೊಂದರ ನೆನಪನ್ನು ಹೇಗೋ ಹೊತ್ತುಕೊಂಡು ತಿರುಗಬಹುದಿತ್ತು. ಆದರೆ ಆ ರಾತ್ರಿಯ ಎಣಿಕೆಯ ಮೊದಲ ಮಾತು ಮಾತ್ರ, ಒಬ್ಬಳೇ ಇದ್ದಾಗಲೂ, ಅವಳು ಮನಸ್ಸಿಗೆ ತಂದುಕೊಳ್ಳುತ್ತಿರಲಿಲ್ಲ.

ಊಟವಾಯಿತು. ರಾತ್ರಿ ಆಗದಿದ್ದರೆ ಹಗಲು ಮಲಗಿ ರೂಢಿ ಮಾಡಿರಿ ಎಂದು ಡಾಕ್ಟರು ಹೇಳಿದ್ದರಿಂದ ಉರುಕುಂದಪ್ಪ ಒಳಖೋಲಿಯಲ್ಲಿ ಹಾಸಿಗೆಯ ಮೇಲೆ ಕೂತು ಮಷೀನನ್ನು ನೋಡಿದ. ಬಿಸಿಲಿಗೆ ಹೆಂಚು ಕಾದಿದ್ದವು. ಅವನು ಮೂಗಿನ ರಬ್ಬರನ್ನು ಕೈಗೆತ್ತಿಕೊಂಡು, ಭತ್ತದ ಮಾದರಿ ನೋಡುವಂತೆ ಅತ್ತಿತ್ತ ತಿರುವಿ, ಮತ್ತೆ ಕೆಳಗಿಟ್ಟ.

"ಎತ್ತಿನ ಕುಕ್ಕಿ ಅಂತ. ಆಕಿ ಅಂದದ್ದು ಖರೇ ಅದ."

"ಬಡೇಬೀ ಬಾಯಿ ನಿಮಗ ಗೊತ್ತಿಲ್ಲೇನು? ಹಾಕ್ಕೊಳ್ರಿ."

"ಬ್ಯಾಡ. ನಾಳಿ ಮುಂಜಾನಿ ಬಸ್ಸಿಗೆ ಒಯ್ದು ರಾಯಚೂರಾಗ ಒಪ್ಪಿಸಿ ಬರ್ತೀನಿ. ಇದಿಲ್ದನ ನಾಕು ವರ್ಷ ಬದುಕೀನಿಲ್ಲೋ."

"ದೇವದುರ್ಗದಿಂದ ಹೇಳಿ ಕಳಿಸ್ಯಾರ. ಹತ್ತು ದಿನ…"

"ಬೂದಿಗೆ ಅವರತ್ತಿ ಅದಾಳ. ಮೊದಲನೇದಲ್ಲ, ಎರಡನೇ ಬಾಣಂತನ. ನೀ ಹೋದ್ರ ನನ್ನ ಗತಿ ಏನು?" ಅವನು ನಕ್ಕ. ಅವಳಿಗೆ ಅಪರೂಪಕ್ಕೆ ಮಾತ್ರ ಕಾಣಿಸುತ್ತಿದ್ದ ನಗು ಅದು, ಮದುವೆಯಾದ ಹೊಸತರ ನಗು. "ಹುಲಿಗೀ, ಒಂದು ಮಾತು ಹೇಳ್ಲೇನು? ಗಂಜಿನ್ಯಾಗ ಎಂಥಾ ಕಾಂಟಾ ಆದ್ರೂ ತೂಕದಾಗ ಗುಂಜಿಯಷ್ಟು ಫರಕು ಬರ್ತದ. ನಿನ್ನ ಕೈ ನಾಕು ವರ್ಷದಾಗ ಒಂದು ದಿನ ಫರಕು ಬಂದಿಲ್ಲ. ಈ ಡಬ್ಬೀನ ನಂಬಿ ನಿನ್ನ ಕೈ ಬಿಡ್ಲೇನು?"

ಬಾಯಿ ತೆಗೆಯದಿದ್ದರೆ ಎಲ್ಲವೂ ಇದ್ದಂತೆ ಇರುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮಷೀನು ನಾಳೆ ಚಾದರ ಸುತ್ತಿಕೊಂಡು ಹೋಗುತ್ತದೆ. ಬೂದೆಮ್ಮ ಒಬ್ಬಳೇ ಹಡೆಯುತ್ತಾಳೆ. ಅವನು ತನ್ನ ಕೈಯನ್ನು ನಂಬಿ ಮಲಗುತ್ತಾನೆ, ತಾನು ಪಕ್ಕದಲ್ಲಿ ಕೂತಿರುತ್ತೇನೆ, ಇಂದಲ್ಲ ನಾಳೆ ಅಂಥ ಇನ್ನೊಂದು ರಾತ್ರಿ ಬರುತ್ತದೆ. ಅವಳು ಹೆದರಿದ್ದು ಅವನಿಗಲ್ಲ, ತನ್ನ ಕೈಗೆ. ಅದು ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು, ಬಳೆಗಳ ಕೆಳಗೆ ಹಿಟ್ಟು ಒಣಗಿತ್ತು.

"ಫರಕು ಬಂದಿತ್ತು," ಅಂದಳು.

"ಏನು?"

"ಹೋದ ಶ್ರಾವಣದಾಗ. ಕೂಸಿಗೆ ಜ್ವರ ಬಂದಿತ್ತಲ್ಲ, ಆವಾಗ. ನಲವತ್ತೊಂದರ ತನಕ ಎಣಿಸಿದೆ. ಕೈ ಹಚ್ಚಲಿಲ್ಲ. ನೀವ ಉಸಿರು ತೊಗೊಂಡ್ರಿ."

ಅವನು ಲೆಕ್ಕ ತಪ್ಪಿದವನ ಹಾಗೆ ನೋಡಿದ. ಆಮೇಲೆ, ಅವಳಿಗೊಂದು ದಾರಿ ಮಾಡಿಕೊಡುವವನಂತೆ ಮೆಲ್ಲಗೆ, "ನಿದ್ದಿ ಬಂದಿರಬೇಕು. ಮೂರು ರಾತ್ರಿ ಮಲಗಿದ್ದಿಲ್ಲ ನೀ" ಎಂದ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಿದ್ದೆ ಬಂದಿತ್ತೆಂದು ಅವನು ನಂಬುತ್ತಿದ್ದ, ಪಾಪ ಎನ್ನುತ್ತಿದ್ದ, ಮತ್ತೆ ಅವಳ ಕೈಯನ್ನೇ ಕೇಳುತ್ತಿದ್ದ.

"ನಿದ್ದಿ ಬಂದಿರಲಿಲ್ರೀ. ನಿದ್ದಿ ಬೇಕಾಗಿತ್ತು."

ಹೊರಗೆ ಓಣಿಯಲ್ಲಿ ಬಡೇಬೀ ಬಳೆ, ಬಳೆ ಎಂದು ಕೂಗಿಕೊಂಡು ಹೋದಳು. ದನಿ ಮಸೀದಿಯ ತಿರುವಿನ ತನಕ ಕೇಳಿಸುತ್ತಲೇ ಇತ್ತು. ಆಮೇಲೆ ಅವನು ಕೇಳಿದ್ದು ಅವಳು ಎಣಿಸದೆ ಬಿಟ್ಟಿದ್ದ ಪ್ರಶ್ನೆ.

"ಲಾಭ ಅಂತನ ಹಿಡಿದ್ಯೇನು?"

ಬೇರೆ ಯಾವ ಗಂಡನೂ ಇದನ್ನು ಕೇಳುತ್ತಿರಲಿಲ್ಲ. ಯಾಕೆ ಹೀಗೆ ಮಾಡಿದಿ ಎನ್ನುತ್ತಿದ್ದ, ಕೈ ಎತ್ತುತ್ತಿದ್ದ, ಅಳುತ್ತಿದ್ದ. ಇವನು ತೂಕದವನು. ಕೊನೆಯ ಅಂಕಿಗಿಂತ ಮೊದಲ ಮಾತಿನಲ್ಲಿ ಮನುಷ್ಯನ ಮನಸ್ಸಿರುತ್ತದೆಂದು ಬಲ್ಲವನು. ಅವಳು ಅವನ ಮುಖ ನೋಡಲಿಲ್ಲ. ಅವನ ಎಡ ಭುಜ ನೋಡಿದಳು, ಅಂಗಿಯಲ್ಲಿ ಅವಳ ಕೈ ತಟ್ಟಿ ತಟ್ಟಿ ಬಟ್ಟೆ ತೆಳುವಾಗಿದೆಯೇನೋ ಎಂಬಂತೆ.

"ಇಲ್ಲ," ಅಂದಳು. "ಒಂದು ಅಂದೆ."

ಉರುಕುಂದಪ್ಪ ಸಣ್ಣಗೆ ತಲೆ ಆಡಿಸಿದ. ಕಾಂಟಾದ ಮುಳ್ಳು ನಿಂತ ಮೇಲೆ ಆಡಿಸುತ್ತಿದ್ದ ಹಾಗೆಯೇ, ಇದು ಸರಿ, ಮುಂದಿನದು ತಾ ಎನ್ನುವ ಹಾಗೆ. ಅವನ ಬಲಗೈ ಒಂದು ಸಲ ಎಡ ಭುಜವನ್ನು ಮುಟ್ಟಿ ಬಂತು. ಆಮೇಲೆ ಅವನು ಮಷೀನಿನ ಕಡೆಗೆ ತಿರುಗಿ, ರಬ್ಬರನ್ನು ಮೂಗಿಗೆ ಇಟ್ಟುಕೊಂಡು, ಪಟ್ಟಿಯನ್ನು ತಲೆಯ ಹಿಂದೆ ಎಳೆದ. ಒಂದು ಪಟ್ಟಿ ತಿರುಚಿಕೊಂಡಿತ್ತು. ಅವಳು ಸರಿಮಾಡಲು ಕೈ ಚಾಚಿದಳು. ಅವನು ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ. ಸಿಟ್ಟಿನಿಂದಲ್ಲ, ಓಣಿಯಲ್ಲಿ ಎದುರಾದವರಿಗೆ ದಾರಿ ಬಿಡುವ ಹಾಗೆ. ತಿರುಚಿದ್ದನ್ನು ತಾನೇ ತಡವರಿಸಿ ಹುಡುಕಿ ಬಿಡಿಸಿ ಬಿಗಿದ. ರಬ್ಬರಿನೊಳಗಿಂದ ಅವನ ಮಾತು ಮೂಗಿನಲ್ಲಿ ಬಂತು.

"ದೇವದುರ್ಗಕ್ಕ ಮುಂಜಾನಿ ಮೊದಲನೇ ಬಸ್ಸಿಗೆ ಹೋಗು. ಜಾಗ ಸಿಗ್ತದ."

ಇದು ಬಿಡುಗಡೆಯೋ, ಹೊರಗೆ ಹಾಕಿದ್ದೋ? ಕೇಳುವ ಹಕ್ಕು ತನಗಿಲ್ಲ ಅನಿಸಿತು. ಅವನು ಮಲಗಿ ಕಣ್ಣಿನಿಂದಲೇ ಗೋಡೆಯ ಸ್ವಿಚ್ಚು ತೋರಿಸಿದ. ಅವಳು ಒತ್ತಿದಳು. ಡಬ್ಬಿ ಗುರ್ ಎಂದು ನಡುಗಿ, ಸಂಭಾಳಿಸಿಕೊಂಡು, ಮೊದಲ ಉಸಿರನ್ನು ತಳ್ಳಿತು. ಅವನ ಎದೆ ಎದ್ದಿತು.

"ಲಾಭ," ಅಂದ ಉರುಕುಂದಪ್ಪ. ಮೂಗಿನೊಳಗಿನ ಆ ದನಿಯಲ್ಲೂ ಗಂಜಿನ ರಾಗ ಇತ್ತು.

ಅವಳು ಎರಡು ಎಂಬುದಕ್ಕೆ ಕಾದಳು. ಎದೆ ಮತ್ತೊಮ್ಮೆ ಎದ್ದಿತು, ಇನ್ನೊಮ್ಮೆ ಎದ್ದಿತು. ತುಟಿ ಅಲುಗಲಿಲ್ಲ. ಕಣ್ಣು ಮುಚ್ಚಿದ್ದವು. ಮೂವತ್ತು ವರ್ಷದಲ್ಲಿ ಲಾಭ ಎಂದು ಹಿಡಿದ ಎಣಿಕೆಯನ್ನು ಅವನು ಎಂದೂ ಕೈಬಿಟ್ಟವನಲ್ಲ. ನಿದ್ದೆ ಹೋದನೋ, ಬೇಕೆಂದೇ ಬಿಟ್ಟನೋ, ಮುಂದಿನದನ್ನು ಅವಳಿಗೆ ಬಿಟ್ಟನೋ ತಿಳಿಯುವಂತಿರಲಿಲ್ಲ. ಎರಡು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಅಂದುಬಿಟ್ಟರೆ ಮತ್ತೆ ರಾತ್ರಿಯೆಲ್ಲ, ವರ್ಷವೆಲ್ಲ, ರಾಶಿ ತೀರುವ ತನಕ. ಆ ಮಾತನ್ನು ನುಂಗಿಕೊಂಡಳು. ಟ್ರಂಕಿನಲ್ಲಿ ಅವಳ ಸೀರೆಗಳಿದ್ದವು. ಅದರ ಮೇಲೆ ಮಷೀನಿತ್ತು, ಉಸಿರಾಡುತ್ತಿತ್ತು. ಎತ್ತಿಡುವಂತಿರಲಿಲ್ಲ. ಉಟ್ಟ ಸೀರೆಯಲ್ಲೇ ಹೋದರಾಯಿತು, ಮಗಳ ಮನೆ ತಾನೆ ಎಂದುಕೊಂಡಳು.

ಹೊರಖೋಲಿಗೆ ಬಂದು ಬರಿ ನೆಲದ ಮೇಲೆ ಉರುಳಿದಳು. ಗೋಡೆಯ ಆಚೆ ಪುಸ್, ಮತ್ತೆ ಪುಸ್. ಬಲಗೈ ಎರಡು ಸಲ ತಾನಾಗಿ ಎದ್ದು, ಗಾಳಿಯಲ್ಲಿ ಯಾರ ಭುಜವೂ ಇಲ್ಲದೆ ನಿಂತಿತು. ಅವಳು ಅದನ್ನು ಎಳೆದುಕೊಂಡು ತಲೆಯ ಕೆಳಗೆ ಹಾಕಿದಳು, ಮಗ್ಗುಲಾಗಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹೇರಿ ಕಣ್ಣು ಮುಚ್ಚಿದಳು.